ಇಂಗ್ಲಿಷ್ ಗೋರಿಗೆ ಕಾರ್ಕಳದ ಕಲ್ಲು

"ನೀರು ಸಾಕು. ಕೊಡೆ ಸ್ವಲ್ಪ ಆಚೆ ಹಿಡಿಯಿರಿ, ಬಿಸಿಲು ಬೀಳಲಿ."

ಮಿಸ್ ಥಾರ್ನ್ ಕೊಡೆ ಸರಿಸಿದರು. ಗೋಡೆಗೆ ಒರಗಿ ನಿಂತ ಸಮಾಧಿಕಲ್ಲಿನ ಮೇಲೆ ಬಹರೈನಿನ ಮನಾಮಾದ ಬೆಳಗಿನ ಬಿಸಿಲು ಅಡ್ಡವಾಗಿ ಬಿತ್ತು. ಉಷಾಲತಾ ಮೊಣಕಾಲೂರಿ ಕುಳಿತು ಒದ್ದೆ ಕಲ್ಲಿನ ಅಂಚಿನ ಮೇಲೆ ಬೆರಳಾಡಿಸಿದಳು.

ಹೆಸ್ಟರ್ ಎಂಬ ಹುಡುಗಿಯ ಗೋರಿಯ ಮೇಲಿರುವುದು ಹಳೆಯ ಕಲ್ಲೇ ಅಲ್ಲ, ಯಾರೋ ನಕಲು ತಂದು ನಿಲ್ಲಿಸಿದ್ದಾರೆ ಎಂದು ಲಂಡನ್ನಿನಿಂದ ಬಂದಿದ್ದ ತಜ್ಞನೊಬ್ಬ ಹೇಳಿ ಹೋದ ಮರುದಿನವೇ ಇಂಗ್ಲಿಷ್ ಸ್ಮಶಾನದ ಕಾವಲುಗಾರ ರೊಕಿಯನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರು. ಕಲ್ಲಿಗೆ ವಿಮೆ ಇತ್ತು. ಹಾಗಾಗಿ ವಿಮಾ ಕಂಪನಿಯ ತನಿಖಾಧಿಕಾರಿ ಉಷಾಲತಾ ಈ ಮೋಟುಗೋಡೆಯೊಳಗೆ ಬಂದಿದ್ದಳು. ಮಿಸ್ ಥಾರ್ನ್ ಸ್ಮಶಾನ ಸಮಿತಿಯ ಕಾರ್ಯದರ್ಶಿ. ಎಷ್ಟೋ ವರ್ಷ ಇಲ್ಲಿ ಟೀಚರಾಗಿದ್ದು ನಿವೃತ್ತರಾದವರು.

ಕಲ್ಲಿನ ನೆತ್ತಿಯಲ್ಲಿ ರೆಕ್ಕೆಯಿರುವ ಒಂದು ಕೂಸಿನ ಮುಖ. ಅದರ ಕೆಳಗೆ ಹಾಯಿ ಬಿಚ್ಚಿದ ಹಡಗು. ಸುತ್ತಲೂ ಗುಲಾಬಿ ಮತ್ತು ಗೋಧಿತೆನೆಯ ಬಳ್ಳಿ. ನಡುವೆ ಇಂಗ್ಲಿಷ್ ಅಕ್ಷರಗಳು: ಕಪ್ತಾನನ ಮಗಳು ಹೆಸ್ಟರ್, ಏಳು ವರ್ಷ, ಹಡಗಿನಲ್ಲಿ ಜ್ವರದಿಂದ ತೀರಿಕೊಂಡಳು, ೧೮೭೧.

"ನಮ್ಮೂರಿನ ಚರ್ಚಿನ ಅಂಗಳದಲ್ಲಿ ಇಂಥ ಕಲ್ಲುಗಳು ಹುಲ್ಲಿನ ನಡುವೆ ಸಾಲಾಗಿ ನಿಂತಿವೆ," ಎಂದರು ಮಿಸ್ ಥಾರ್ನ್ ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ. "ರೆಕ್ಕೆಯ ಕೂಸು, ಮರಳುಗಡಿಯಾರ, ತಲೆಬುರುಡೆ. ಸಣ್ಣವಳಿದ್ದಾಗ ಅವುಗಳ ಮರೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆ. ಹೆಸ್ಟರಳ ತಾಯಿ ಮಲಗಿರುವುದು ಅಲ್ಲೇ. ಈ ಕಲ್ಲನ್ನೂ ಅದೇ ಊರಿನ ಕಲ್ಲುಕುಟಿಗನೇ ಕೆತ್ತಿ ಕಳಿಸಿದ್ದಂತೆ. ಸ್ಲೇಟ್ ಕಲ್ಲು, ನಮ್ಮ ಗುಡ್ಡದ್ದು."

"ನೀವು ಹೇಳುವುದು ಹಳೆಯ ಕಲ್ಲಿನ ವಿಷಯ. ಇದು ಯಾವ ಗುಡ್ಡದ್ದು ಅಂತ ನೋಡುವ."

ಉಷಾಲತಾ ಬೆಳಿಗ್ಗೆಯಷ್ಟೇ ಎಣ್ಣೆ ಹಚ್ಚಿದ್ದ ತನ್ನ ತಲೆಗೂದಲಿಗೆ ಹೆಬ್ಬೆರಳನ್ನು ಒತ್ತಿ ಉಜ್ಜಿದಳು. ಆಮೇಲೆ ಒಣಗಿದ್ದ ಒಂದು ಮೂಲೆಯನ್ನು ಹುಡುಕಿ ಅದೇ ಹೆಬ್ಬೆರಳನ್ನು ಅಲ್ಲಿ ಒತ್ತಿದಳು.

ಬೂದುಬಣ್ಣದ ಕಲ್ಲು ಎಣ್ಣೆಯನ್ನು ಕುಡಿಯಿತು. ಹೆಬ್ಬೆರಳಿನಷ್ಟು ಜಾಗ ದೇವರ ಮೂರ್ತಿಯ ಹಾಗೆ ಕಪ್ಪಗೆ ಮಿನುಗಿತು.

ಅವಳು ಹೆಬ್ಬೆರಳನ್ನು ಹಿಂದಕ್ಕೆಳೆದಳು. ಶಿಲ್ಪಿಯಾಗಿದ್ದ ಅಪ್ಪನ ಕೊಟ್ಟಿಗೆಯಲ್ಲಿ ಈ ಕಪ್ಪನ್ನು ನೋಡುತ್ತಲೇ ಅವಳು ಬೆಳೆದದ್ದು. ಕಾರ್ಕಳದ ಹತ್ತಿರ ನೆಲ್ಲಿಕಾರಿನ ಕೃಷ್ಣಶಿಲೆ. ಮುಟ್ಟಿದರೆ ನುಣುಪು, ಎಣ್ಣೆ ಬಿದ್ದರೆ ಕಾಡಿಗೆ.

"ಏನಾಯಿತು?" ಎಂದರು ಮಿಸ್ ಥಾರ್ನ್.

"ಇದು ನನ್ನ ಊರಿನ ಕಲ್ಲು."

ಮಿಸ್ ಥಾರ್ನ್ ಕೊಡೆಯನ್ನು ಭುಜಕ್ಕೆ ಒರಗಿಸಿಕೊಂಡರು. ಚೀಲದಿಂದ ಸುರುಳಿ ಸುತ್ತಿದ ದೊಡ್ಡ ಕಾಗದವೊಂದನ್ನು ತೆಗೆದು ಬಿಚ್ಚಿದರು. ಹಳೆಯ ಕಲ್ಲಿನ ಮೇಲೆ ಕಾಗದ ಹಾಸಿ, ಕಪ್ಪು ಮೇಣ ಉಜ್ಜಿ ತೆಗೆದ ಅಚ್ಚು. ಹಡಗು, ಬಳ್ಳಿ, ಅಕ್ಷರ ಎಲ್ಲವೂ ಅದರಲ್ಲಿ ಮೂಡಿದ್ದವು.

"ನೀವು ಕೇಳಿದ್ದಿರಲ್ಲ, ಹೋಲಿಸಿ ನೋಡಲು. ಇದು ನನ್ನ ಹಳೆಯ ಹುಚ್ಚು. ಈ ದ್ವೀಪದಲ್ಲಿ ಇದನ್ನು ಹಚ್ಚಿಕೊಂಡವಳು ನಾನೊಬ್ಬಳೇ."

ಉಷಾಲತಾ ಕಾಗದವನ್ನು ಕಲ್ಲಿನ ಪಕ್ಕಕ್ಕೆ ಹಿಡಿದಳು. ಗೆರೆಗೆ ಗೆರೆ ಕೂಡಿತ್ತು. ಕೂಸಿನ ಕಣ್ಣು ಮಾತ್ರ ಬೇರೆ. ಅಚ್ಚಿನ ಕಣ್ಣುಗಳಲ್ಲಿ ಸಣ್ಣ ಉಂಗುರದಂಥ ಪಾಪೆ ಇತ್ತು. ಕಲ್ಲಿನ ಕಣ್ಣುಗುಡ್ಡೆ ಬೋಳಾಗಿತ್ತು.

"ಅಷ್ಟೆಲ್ಲ ನಾಜೂಕಾಗಿ ಮಾಡಿದವನು ಕಣ್ಣು ಮರೆತನೇ?" ಎಂದರು ಮಿಸ್ ಥಾರ್ನ್.

"ಮರೆತದ್ದಲ್ಲ. ನಮ್ಮ ಕಡೆಯ ಶಿಲ್ಪಿಗಳು ಎಲ್ಲಕ್ಕಿಂತ ಕೊನೆಗೆ ಕಣ್ಣು ತೆರೆಸುತ್ತಾರೆ. ಅಲ್ಲಿಯವರೆಗೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ. ಇದನ್ನು ಮಾಡಿದವನಿಗೆ ಮುಗಿಸುವ ಮನಸ್ಸಿರಲಿಲ್ಲ."

ಕೊಡೆಯ ನೆರಳು ಕಲ್ಲಿನ ಮೇಲೆ ಅಲುಗಾಡಿತು. ಗಾಳಿ ಇರಲಿಲ್ಲ. ವಯಸ್ಸಾದವರ ಕೈ, ಸೋತಿರಬೇಕು ಎಂದುಕೊಂಡು ಉಷಾಲತಾ ಎದ್ದಳು. ಏಳುವಾಗ ಕಲ್ಲಿನ ಬೆನ್ನನ್ನೂ ಗೋಡೆಯನ್ನೂ ಬೆಸೆದಿದ್ದ ಸಿಮೆಂಟಿನ ಪಟ್ಟಿ ಅವಳ ಕಣ್ಣಿಗೆ ಬಿತ್ತು. ಅದು ಹೊಸತು. ಕಲ್ಲನ್ನು ಹಿಂದಿನಿಂದಲೂ ಹೀಗೆಯೇ ಗೋಡೆಗೆ ಅಂಟಿಸಿ ನಿಲ್ಲಿಸಿದ್ದರಂತೆ.

*

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅಝೀಝ್ ಅವಳಿಗೆ ಚಾ ತರಿಸಿದ. ಸೌಮ್ಯವಾಗಿ ಮಾತಾಡುವ, ನಲವತ್ತರ ಗಂಡಸು. ಅವಳೊಡನೆ ಇಂಗ್ಲಿಷಿನಲ್ಲೇ ಮಾತು.

"ಬೀಗದ ಕೈ ಇದ್ದದ್ದು ಅವನ ಹತ್ತಿರ, ಮೇಡಂ. ಕಲ್ಲು ಹೋದದ್ದೂ ಗೊತ್ತಿಲ್ಲ, ಬೇರೆ ಕಲ್ಲು ಬಂದದ್ದೂ ಗೊತ್ತಿಲ್ಲ ಅನ್ನುತ್ತಾನೆ. ಯಾರು ನಂಬುತ್ತಾರೆ? ಶನಿವಾರ ಕೇಸು ಪ್ರಾಸಿಕ್ಯೂಟರ್ ಕೈಗೆ ಹೋಗುತ್ತದೆ. ಜೈಲು, ಆಮೇಲೆ ಊರಿಗೆ ಗಡೀಪಾರು."

ರೊಕಿಯನ್ನು ಕರೆತಂದರು. ಕಿನ್ನಿಗೋಳಿಯ ಕೊಂಕಣಿಗ, ಹೆಂಗಸರನ್ನೆಲ್ಲ ‘ಬಾಯಿ’ ಎಂದು ಕರೆಯುವವನು. ಹದಿನೈದು ದಿನ ಅನ್ನ ಕಾಣದವನಂತೆ ಇಳಿದುಹೋಗಿದ್ದ.

"ರೊಕಿಯವರೇ, ನೀವು ಆಸ್ಪತ್ರೆಯಲ್ಲಿ ಇದ್ರಿ ಅಂತ ಗೊತ್ತಾಯ್ತು. ಅದನ್ನು ಯಾಕೆ ಪೊಲೀಸರ ಹತ್ರ ಹೇಳ್ಲಿಲ್ಲ?"

"ಹೇಳಿದ್ದೇನೆ ಬಾಯಿ. ಕಿಡ್ನಿಯಲ್ಲಿ ಕಲ್ಲಾಗಿತ್ತು. ಆಗ ಕೀ ಎಲ್ಲಿತ್ತು ಅಂತ ಇವರು ಕೇಳಿದ್ರು. ಅದಕ್ಕೆ ನಾನು ಬಾಯಿ ಬಿಡ್ಲಿಲ್ಲ."

"ಯಾರ ಹತ್ರ ಕೊಟ್ಟಿದ್ರಿ?"

ರೊಕಿ ತಲೆ ತಗ್ಗಿಸಿದ.

"ನಿಮ್ಮನ್ನು ಜೈಲಿಗೆ ಹಾಕ್ತಾರೆ ಮಾರಾಯ್ರೆ. ಹೆಂಡತಿ ಮಕ್ಕಳಿಗೆ ಯಾರು ಗತಿ?"

"ಒಳ್ಳೆಯವರ ಹೆಸರು ನನ್ನ ಬಾಯಿಂದ ಬರ್ಲಿಕ್ಕಿಲ್ಲ ಬಾಯಿ. ಆಸ್ಪತ್ರೆಯಲ್ಲಿ ನನ್ನ ಮಂಚದ ಹತ್ರ ಕೂತು ನೀರು ಕುಡಿಸಿದವರು. ಅವರು ಕದ್ದಿರ್ಲಿಕ್ಕಿಲ್ಲ. ಮತ್ತೆ ಯಾಕೆ ಅವರನ್ನು ಇಲ್ಲಿಗೆ ಎಳೆಯೂದು?"



*

ಕೃಷ್ಣಶಿಲೆ ಬಹರೈನಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಇಲ್ಲಿಗೆ ತರಿಸಿದವರು ಒಬ್ಬರೇ: ಹಮದ್ ಟೌನಿನಲ್ಲಿ ಮಾರ್ಬಲ್ ಯಾರ್ಡ್ ಇಟ್ಟಿರುವ ವಸಂತಕುಮಾರ. ಭಜನಾ ಮಂಡಳಿಯ ಪೂಜಾಕೋಣೆಗೆ ಗಣಪತಿ ಮಾಡಿಸಬೇಕೆಂದು ಊರಿನಿಂದ ಕಲ್ಲನ್ನೂ ತರಿಸಿ, ಜೊತೆಗೆ ಕುಶಲ ಎಂಬ ಶಿಲ್ಪಿಯನ್ನೂ ಕರೆಸಿದ್ದರು. ಆ ಗಣಪತಿಗೆ ಉಷಾಲತಾ ಕೂಡ ಕೈಮುಗಿದಿದ್ದಳು.

ಅವಳಿಗೆ ಅಳುಕಾದದ್ದು ಬೇರೆ ಕಾರಣಕ್ಕೆ. ವಸಂತಕುಮಾರ ಅವಳ ಗಂಡ ಹರಿನಾಥನ ಧಣಿ. ಅವನ ವೀಸಾ, ಗುಫೂಲಿನಲ್ಲಿ ಅವರಿರುವ ಫ್ಲ್ಯಾಟು, ಎಲ್ಲವೂ ಆ ಮನುಷ್ಯನ ಕಂಪನಿಯದು.

ನೇರ ಯಾರ್ಡಿಗೆ ಹೋಗುವ ಧೈರ್ಯವಾಗದೆ ಅವಳು ಮೊದಲು ತನ್ನ ಬೀದಿಯ ತುದಿಯಲ್ಲಿದ್ದ ನಬೀಸಾಳ ಬಾಗಿಲು ಬಡಿದಳು. ಸುರತ್ಕಲ್ ಕಡೆಯ ಬ್ಯಾರಿ ಹೆಂಗಸು. ಮನೆಯಲ್ಲೇ ಅಡುಗೆ ಮಾಡಿ ಒಂಟಿ ಗಂಡಸರಿಗೆಲ್ಲ ಊಟದ ಕ್ಯಾರಿಯರ್ ಕಳಿಸುವವಳು. ಕುಶಲನೂ ಅವಳ ಗಿರಾಕಿ.

"ಕುಶಲ ಊರಿಗೆ ಹೋದನಂತೆ ಅಲ್ವಾ ನಬೀಸಮ್ಮ?"

"ಯಾರು ಹೇಳಿದ್ದು ಉಷಕ್ಕ ನಿಮಗೆ? ಈಗಷ್ಟೇ ಅವನ ಕ್ಯಾರಿಯರ್ ಹೋಯ್ತಲ್ಲ." ನಬೀಸಾ ಸೌಟು ಕೆಳಗಿಟ್ಟಳು. "ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಖಾರ ಕಮ್ಮಿ ಹಾಕಿದ್ರೆ ಅವನಿಗೆ ಇಳಿಯೂದಿಲ್ಲ."

"ಅವನೇ ಬಂದು ತಗೊಂಡು ಹೋದ್ನಾ?"

"ಮೊದಲು ಅವನೇ ಬರ್ತಿದ್ದ. ಕೂತು ಎರಡು ಮಾತಾಡಿ ಹೋಗ್ತಿದ್ದ. ಈಗ ಕಂಪನಿಯ ಪಿಕ್‌ಅಪ್ ಬರ್ತದೆ. ಕುಶಲ ಎಲ್ಲಿ ಅಂತ ಕೇಳಿದ್ರೆ ಡ್ರೈವರ್ ನಗ್ತಾನೆ, ಅಷ್ಟೆ." ಅವಳು ದನಿ ತಗ್ಗಿಸಿದಳು. "ನಿನ್ನೆ ಅನ್ನ ಹಾಗೇ ವಾಪಸು ಬಂದಿತ್ತು ಉಷಕ್ಕ. ಮೊನ್ನೆಯೂ ಅಷ್ಟೆ. ಆ ಹುಡುಗ ಉಣ್ಣದೆ ಇರುವ ಜನ ಅಲ್ಲ. ಎಂತದೋ ಆಗಿದೆ ಅವನಿಗೆ."

*

"ಬನ್ನಿ ಉಷಾ, ಬನ್ನಿ! ಹರಿ ಇಲ್ಲೇ ಗೋದಾಮಿನಲ್ಲಿದ್ದಾನೆ. ಕರೆಸ್ಲಾ?"

ವಸಂತಕುಮಾರ ಎದ್ದು ನಿಂತು ಸ್ವಾಗತಿಸಿದರು. ಐವತ್ತೈದರ ಮೈಕಟ್ಟು, ಇಸ್ತ್ರಿಯ ಬಿಳಿ ಅಂಗಿ, ಹಣೆಯಲ್ಲಿ ಗಂಧ. ಅವರ ಕ್ಯಾಬಿನ್ನಿನ ಗಾಜಿನಾಚೆ ಅಮೃತಶಿಲೆಯ ಹಲಗೆಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

"ಹರಿ ಬೇಡ ವಸಂತಣ್ಣ. ನಾನು ಕುಶಲನನ್ನು ನೋಡ್ಲಿಕ್ಕೆ ಬಂದದ್ದು."

"ಕುಶಲನಾ? ಅವನನ್ನು ಊರಿಗೆ ಕಳಿಸಿ ಆಯ್ತಲ್ಲ. ಗಣಪತಿ ಮುಗೀತು, ವೀಸಾನೂ ಮುಗೀತು."

"ಊರಿಗೆ ಹೋದವನಿಗೆ ನಬೀಸಮ್ಮನ ಬಂಗುಡೆ ಸಾರು ಯಾಕೆ ವಸಂತಣ್ಣ?"

ನಗು ಅವರ ತುಟಿಯ ಮೇಲೇ ನಿಂತಿತು. 

"ನಿಮಗೆ ಎಂತ ಬೇಕು ಈಗ?"

"ಗಣಪತಿ ಮಾಡಿ ಉಳಿದ ಕಲ್ಲು ಎಲ್ಲುಂಟು ಅಂತ ಹೇಳಿ."

"ಒಡೆದು ಹೋಯ್ತು. ಬಿಸಾಡಿದೆವು."

"ಇಲ್ಲ. ಅದು ಇಂಗ್ಲಿಷ್ ಸ್ಮಶಾನದಲ್ಲಿ ನಿಂತಿದೆ. ಬೆಳಿಗ್ಗೆ ನನ್ನ ಕೈಯಾರೆ ಎಣ್ಣೆ ಮುಟ್ಟಿಸಿ ನೋಡಿದ್ದೇನೆ."

ವಸಂತಕುಮಾರ ಕುರ್ಚಿಯಲ್ಲಿ ಕುಳಿತರು. ಉಷಾಲತಾ ಕೂರಲಿಲ್ಲ. ಕ್ಯಾಬಿನ್ನಿನ ಹಿಂಬಾಗಿಲನ್ನು ತಳ್ಳಿದಳು. ಆಚೆ ತಗಡಿನ ಶೆಡ್ಡು. ನೆಲದ ತುಂಬ ಬೂದು ಕಲ್ಲಿನ ಪುಡಿ. ಗೋಡೆಗೆ ಒರಗಿಸಿದ್ದ ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ದೊಡ್ಡ ಕಾಗದವನ್ನು ಕಂಡು ಅವಳು ಕದಲದೆ ನಿಂತಳು.

ಹಡಗು. ಬಳ್ಳಿ. ರೆಕ್ಕೆಯ ಕೂಸು. ಕಪ್ಪು ಮೇಣದಲ್ಲಿ ಉಜ್ಜಿ ತೆಗೆದ ಅಚ್ಚು. ಅದರ ಮೇಲೆ ಶಿಲ್ಪಿ ಪೆನ್ಸಿಲಿನಿಂದ ಅಳತೆಯ ಚೌಕಗಳನ್ನು ಎಳೆದಿದ್ದ.

"ಇದನ್ನು ತಂದು ಕೊಟ್ಟದ್ದು ಯಾರು?"

"ಗಿರಾಕಿ." ವಸಂತಕುಮಾರ ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. "ಗಿರಾಕಿ ಕೇಳಿದ್ದನ್ನು ಮಾಡಿ ಕೊಡೂದು ನನ್ನ ವ್ಯಾಪಾರ. ಎಲ್ಲಿ ನಿಲ್ಲಿಸ್ತಾರೆ ಅಂತ ನಾನು ಕೇಳೂದಿಲ್ಲ."

"ಈ ಊರಲ್ಲಿ ಹೀಗೆ ಅಚ್ಚು ತೆಗೆಯುವವರು ಒಬ್ಬರೇ ವಸಂತಣ್ಣ. ಬೆಳಿಗ್ಗೆ ನನಗೆ ಕೊಡೆ ಹಿಡಿದವರು. ರೊಕಿ ಆಸ್ಪತ್ರೆಯಲ್ಲಿ ಇದ್ದಾಗ ಅವನ ಹತ್ರ ಕೂತು ನೀರು ಕುಡಿಸಿದವರೂ ಅವರೇ ಇರಬೇಕು. ಕೀ ಸಿಕ್ಕಿದ್ದು ಹಾಗೆ."

ವಸಂತಕುಮಾರ ಕಾಗದದ ಮಡಚಿದ ಮೂಲೆಯನ್ನು ನೇರ ಮಾಡಿದರು. ಆಮೇಲೆ ಮಾತಾಡಿದಾಗ ಆ ದನಿ ಧಣಿಯ ದನಿಯಾಗಿರಲಿಲ್ಲ.

"ನನ್ನ ಇಬ್ಬರು ಮಕ್ಕಳಿಗೆ ಅಕ್ಷರ ಕಲಿಸಿದ ಟೀಚರು ಅವರು. ಮಗಳಿಗೆ ಮಾತು ತೊದಲ್ತಿತ್ತು. ಸ್ಕೂಲಿನವರು ಬೇಡ ಅಂದ ಹುಡುಗಿಯನ್ನು ಸಂಜೆ ಮನೆಗೆ ಕರೆಸಿ, ಪಕ್ಕ ಕೂರಿಸಿಕೊಂಡು ಓದಿಸಿದ್ರು. ಇವತ್ತು ಅವಳು ಮಣಿಪಾಲದಲ್ಲಿ ಡಾಕ್ಟರಿಕೆ ಓದ್ತಾ ಇದ್ದಾಳೆ." ಅವರು ಕಾಗದವನ್ನೇ ನೋಡುತ್ತಿದ್ದರು. "ಟೀಚರು ಇನ್ನು ಶಾಶ್ವತವಾಗಿ ಅವರ ಊರಿಗೆ ಹೋಗೂದು. ಹೋಗುವಾಗ ಹೆಸ್ಟರಳನ್ನು ಅವಳ ಅಮ್ಮನ ಹತ್ರ ಮುಟ್ಟಿಸ್ಬೇಕು, ಕಲ್ಲಾದ್ರೂ ಅಮ್ಮನ ಕಲ್ಲಿನ ಪಕ್ಕದಲ್ಲಿ ನಿಲ್ಲಲಿ ಅಂತ ಅತ್ತುಕೊಂಡು ಕೇಳಿದ್ರು. ನಾನು ಹೇಗೆ ಇಲ್ಲ ಅನ್ನಲಿ?"

"ರೊಕಿ?"

"ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ ಎಣಿಸಿದ್ದೆವು."

"ಗೊತ್ತಾಯ್ತಲ್ಲ. ಅವನನ್ನು ಒಳಗೆ ಹಾಕಿದ ಮೇಲೂ ನೀವು ಬಾಯಿ ಮುಚ್ಚಿ ಕೂತಿರಿ. ಟೀಚರೂ ಕೂತರು. ಬೇರೆಯವರ ಮಗುವಿನ ಕಲ್ಲಿಗೆ ಅಳುವವರಿಗೆ ರೊಕಿಯ ಮಕ್ಕಳು ಕಾಣಲಿಲ್ವಾ?"

ವಸಂತಕುಮಾರರ ಮುಖ ಕೆಂಪಾಯಿತು.

"ಪೊಲೀಸಿಗೆ ಹೇಳುವ ಮೊದಲು ಒಂದು ಯೋಚನೆ ಮಾಡಿ ಉಷಾ. ಕಲ್ಲನ್ನು ಸ್ಮಶಾನದಿಂದ ಬುದಯ್ಯದ ಟೀಚರ ಮನೆಗೆ ಸಾಗಿಸಿದ ಪಿಕ್‌ಅಪ್ ನನ್ನ ಕಂಪನಿಯದ್ದು. ಆ ದಿನ ಡ್ರೈವರಿಗೆ ರಜೆ. ಓಡಿಸಿದ್ದು ಯಾರು ಅಂತ ನಿಮಗೆ ಗೊತ್ತುಂಟಾ?"

ಅವಳು ತಿರುಗಿದಳು.

"ಗಾಜಿನಿಂದ ಆಚೆ ನೋಡಿ. ಅಲ್ಲಿ ನಿಂತಿದ್ದಾನೆ."

*

ಹರಿನಾಥ ಪಿಕ್‌ಅಪ್ಪಿನ ಬಾಗಿಲಿಗೆ ಆತು ನಿಂತಿದ್ದ. ಅವಳ ಮುಖ ನೋಡಿದ್ದೇ ಎಲ್ಲ ಅರ್ಥವಾದಂತೆ ಕಣ್ಣು ಕೆಳಗೆ ಹಾಕಿದ.

"ಈ ಕೇಸು ಬಿಟ್ಟುಬಿಡು ಅಂತ ವಾರವಿಡೀ ಹೇಳ್ತಾ ಇದ್ರಿ. ನನ್ನ ಮೇಲಿನ ಕಾಳಜಿ ಅಂತ ತಿಳ್ಕೊಂಡೆ," ಎಂದಳು ಉಷಾಲತಾ.

"ಮರದ ಪೆಟ್ಟಿಗೆ ಇತ್ತು ಉಷಾ. ಟೀಚರ ತೋಟಕ್ಕೆ ಕಲ್ಲು ಅಂದ್ರು. ದೇವರಾಣೆ, ನನಗೆ ಅಷ್ಟೇ ಗೊತ್ತಿದ್ದದ್ದು."

"ಸ್ಮಶಾನದ ಗೇಟಿನಿಂದ ತೋಟಕ್ಕೆ ಕಲ್ಲು?"

ಅವನು ಪಿಕ್‌ಅಪ್ಪಿನ ಕೀಯನ್ನು ಬೆರಳಲ್ಲಿ ತಿರುಗಿಸಿದ. "ಅನುಮಾನ ಬಂತು. ಕೇಳ್ಲಿಲ್ಲ. ರೊಕಿಯನ್ನು ಹಿಡಿದ ದಿನ ಗೊತ್ತೇ ಆಯ್ತು. ಆವಾಗ್ಲೂ ಹೇಳ್ಲಿಲ್ಲ. ಕೆಲಸ ಹೋದ್ರೆ ಎಲ್ಲಿಗೆ ಹೋಗೂದು ನಾವು?"

 ಇವನನ್ನು ಬೈಯಬೇಕೋ, ಅಪ್ಪಿಕೊಳ್ಳಬೇಕೋ ಉಷಾಲತಾಳಿಗೆ ತಿಳಿಯಲಿಲ್ಲ. ಅನ್ನದ ಕ್ಯಾರಿಯರ್ ಹಾಗೇ ವಾಪಸು ಬರುತ್ತಿದೆ ಎಂದು ನಬೀಸಾ ಹೇಳಿದ್ದು ನೆನಪಾಯಿತು.

"ಕುಶಲ ಈಗ ಎಲ್ಲಿದ್ದಾನೆ?"

"ಅಲ್ಲೇ. ಟೀಚರ ಮನೆಯಲ್ಲಿ. ಅವನ ಪಾಸ್‌ಪೋರ್ಟ್ ಇಲ್ಲಿ ಧಣಿಯ ಹತ್ರ ಉಂಟು. ಇನ್ನೊಂದು ಕೆಲಸ ಮುಗಿಸಿದ ಮೇಲೆ ಕೊಡೂದಂತೆ."

"ಇನ್ನೊಂದು ಕೆಲಸ? ಯಾವುದು?"

"ಗೊತ್ತಿಲ್ಲ." ಹರಿನಾಥ ಪಿಕ್‌ಅಪ್ಪಿನ ಬಾಗಿಲು ತೆರೆದ. "ಹತ್ತು. ಕರ್ಕೊಂಡು ಹೋಗ್ತೇನೆ. ಆದದ್ದಾಗ್ಲಿ."

 ಹಮದ್ ಟೌನಿನ ವೃತ್ತಗಳು ಒಂದರ ಹಿಂದೊಂದು ಸುತ್ತಿ ಬಂದವು. ಆಮೇಲೆ ಬುದಯ್ಯದ ರಸ್ತೆ, ಎರಡೂ ಬದಿಗೆ ಖರ್ಜೂರದ ತೋಟಗಳ ಹಸಿರು. ಮಧ್ಯಾಹ್ನದ ಬಾಂಗ್ ಕೇಳಿಸುವಾಗ ಅವರು ಬಿಳಿಗೋಡೆಯ ಒಂದು ಮನೆಯ ಮುಂದೆ ನಿಂತಿದ್ದರು.

*

ಬಾಗಿಲು ತೆರೆದ ಮಿಸ್ ಥಾರ್ನ್ ಬೆಚ್ಚಿಬೀಳಲಿಲ್ಲ.

"ನೀವು ಕಲ್ಲಿಗೆ ಎಣ್ಣೆ ಮುಟ್ಟಿಸಿದಾಗಲೇ ಅಂದುಕೊಂಡೆ, ಸಂಜೆಯೊಳಗೆ ಬರುತ್ತೀರಿ ಎಂದು," ಎಂದರು.

ಅವರು ಮುಂದೆ ನಡೆದರು. ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಗೋಣಿಚೀಲಗಳ ಮೇಲೆ ಒಂದು ಕಲ್ಲು ಮುಖ ಕೆಳಗಾಗಿ ಮಲಗಿತ್ತು. ಅದರ ಪಕ್ಕದಲ್ಲಿ ಮೂವತ್ತರ ಯುವಕನೊಬ್ಬ ಉಳಿ ಸುತ್ತಿಗೆ ಹಿಡಿದು ಸುಮ್ಮನೆ ಕುಳಿತಿದ್ದ. ಕಣ್ಣಿನ ಸುತ್ತ ಕಪ್ಪು.

"ಕುಶಲ?"

ಗಣಪತಿಯ ಪೂಜೆಯಲ್ಲಿ ಕಂಡಿದ್ದ ಅವಳ ಗುರುತು ಸಿಕ್ಕಿದ್ದೇ ಅವನು ಉಳಿಯನ್ನು ಕೆಳಗಿಟ್ಟ. "ಉಷಕ್ಕ! ನೀವು ನೋಡಿ, ನೀವೇ ನೋಡಿ ಇದನ್ನು. ನನ್ನಿಂದ ಆಗೂದಿಲ್ಲ."

ಅವಳು ಬಗ್ಗಿದಳು.

ನೂರಕ್ಕೂ ಹೆಚ್ಚು ವರ್ಷ ಗೋಡೆಯ ಕಡೆಗೆ ತಿರುಗಿದ್ದ ಕಲ್ಲಿನ ಬೆನ್ನು ಅದು. ಅದರ ತುಂಬ ಅರಬ್ಬಿ ಅಕ್ಷರಗಳು. ಗೀಚಿದ್ದಲ್ಲ, ಉಬ್ಬಾಗಿ ಕೆತ್ತಿದ್ದು. ಒಂದರೊಳಗೊಂದು ಹೆಣೆದುಕೊಂಡು ಬಳ್ಳಿಯ ಹಾಗೆ ಮೇಲೇರಿದ್ದವು. ಹೆಸ್ಟರಳ ಅಕ್ಷರಗಳಿಗಿಂತ ಎಷ್ಟೋ ಹಳೆಯವು. ಎಷ್ಟೋ ಚೆಲುವಾದವು.

"ಇದು ಸ್ಲೇಟೂ ಅಲ್ಲ ಅಕ್ಕ, ಇಂಗ್ಲೆಂಡಿನದ್ದೂ ಅಲ್ಲ," ಎಂದ ಕುಶಲ. "ಇದು ಇಲ್ಲಿಯದ್ದೇ ಯಾರದ್ದೋ ಗೋರಿ. ಗಾರೆ ಒಡೆದು ಕಲ್ಲನ್ನು ಬಿಡಿಸಿದಾಗ ಕಂಡಿತು. ಇದನ್ನೆಲ್ಲ ಕಡಿದು ಬೋಳು ಮಾಡು ಅಂತಾರೆ ಧಣಿ. ಇಲ್ಲದಿದ್ರೆ ಹಡಗಿಗೆ ಹಾಕ್ಲಿಕ್ಕೆ ಆಗೂದಿಲ್ಲಂತೆ. ದಿನಾ ಉಳಿ ಹಿಡೀತೇನೆ. ಯಾರದ್ದೋ ಹೆಸರಲ್ವಾ ಅಕ್ಕ ಇದು? ಯಾರದ್ದೋ ಅಪ್ಪ, ಯಾರದ್ದೋ ಮಗು. ಅನ್ನ ಸೇರೂದಿಲ್ಲ ನನಗೆ."

ಉಷಾಲತಾ ಮಿಸ್ ಥಾರ್ನ್ ಕಡೆಗೆ ತಿರುಗಿದಳು. ಅವರು ಗೋಡೆ ಹಿಡಿದು ನಿಂತಿದ್ದರು.

"ಇಷ್ಟು ವರ್ಷ ಇದನ್ನು ನಮ್ಮೂರಿನ ಕಲ್ಲು ಎಂದು ನಂಬಿದ್ದೆ," ಎಂದರು. "ಪ್ರತಿ ಭಾನುವಾರ ಹೋಗಿ ಮುಟ್ಟಿ ಬರುತ್ತಿದ್ದೆ. ನಮ್ಮ ಚರ್ಚಿನ ಅಂಗಳವನ್ನೇ ಮುಟ್ಟಿದ ಹಾಗಾಗುತ್ತಿತ್ತು. ಆ ಕಪ್ತಾನ ಯಾರದೋ ಗೋರಿಯನ್ನು ಕಿತ್ತು, ತಿರುಗಿಸಿ, ತನ್ನ ಮಗಳ ಹೆಸರು ಕೆತ್ತಿಸಿದ್ದಾನೆ. ನಾನು ಅವನಿಗಿಂತ ಒಳ್ಳೆಯವಳೇನೂ ಅಲ್ಲ."

"ಅಳಿಸಲು ಹೇಳಿದ್ದು ನೀವಾ?"

"ವಸಂತ್ ಹೇಳಿದ. ನಾನು ಬೇಡ ಎನ್ನಲಿಲ್ಲ. ಇಂಥ ಕಲ್ಲನ್ನು ದೇಶದಿಂದ ಹೊರಗೆ ಸಾಗಿಸಲು ಹೊರಟೆವು ಎಂದಾದರೆ ಶಿಕ್ಷೆ ಸಣ್ಣದಲ್ಲ. ನನಗೆ, ಅವನಿಗೆ, ಈ ಬಡಪಾಯಿಗೆ." ಅವರ ಕಣ್ಣು ಹರಿನಾಥನ ಮೇಲೆ ಹೋಗಿ ನಿಂತಿತು. "ನಿಮ್ಮ ಗಂಡನಿಗೂ."



"ಇದನ್ನು ಇನ್ಯಾರು ನೋಡಿದ್ದಾರೆ?" ಎಂದು ಕೇಳಿದಳು ಉಷಾಲತಾ.

"ನಾನು, ಕುಶಲ, ವಸಂತ್. ಈಗ ನೀವಿಬ್ಬರು. ಗೋಡೆಯಿಂದ ಬಿಡಿಸುವವರೆಗೆ ಜೀವಂತ ಇರುವ ಯಾರೂ ಇದರ ಬೆನ್ನು ಕಂಡಿಲ್ಲ."

ಉಷಾಲತಾ ಮನೆಯೊಳಗೆ ನಡೆದಳು. ಹಜಾರದ ಮೂಲೆಯಲ್ಲಿ ಫೋನು. ಅದರ ಮುಂದೆ ನಿಂತು, ಕೈ ಮುಂದೆ ಬಾರದೆ ಗಂಡನ ಕಡೆಗೆ ನೋಡಿದಳು. ಒಂದು ಕರೆ ಮಾಡಿದರೆ ರೊಕಿ ಹೊರಗೆ ಬರುತ್ತಾನೆ. ಅವನಿದ್ದ ಕೋಣೆಗೆ ಇವನು ಹೋಗುತ್ತಾನೆ.

ಹರಿನಾಥನ ಮುಖ ಬಿಳಿಚಿತ್ತು. ಆದರೂ ಅವನು ಹತ್ತಿರ ಬಂದು ರಿಸೀವರ್ ಎತ್ತಿ ಅವಳ ಕೈಗೆ ಕೊಟ್ಟ.

"ಮಾಡು ಉಷಾ. ಇನ್ನೊಂದು ರಾತ್ರಿ ನನ್ನಿಂದಲೂ ಆಗ್ಲಿಕ್ಕಿಲ್ಲ."

ಅವಳು ಠಾಣೆಯ ನಂಬರು ತಿರುಗಿಸಿದಳು. ಅಝೀಝ್ ತಾನೇ ಫೋನ್ ಎತ್ತಿದ.

"ಇನ್ಸ್‌ಪೆಕ್ಟರ್, ನಾನು ಉಷಾಲತಾ. ಹೆಸ್ಟರಳ ಕಲ್ಲು ಸಿಕ್ಕಿದೆ. ಬುದಯ್ಯದಲ್ಲಿ, ಮಿಸ್ ಥಾರ್ನ್ ಮನೆಯಲ್ಲಿ. ರೊಕಿ ತಪ್ಪಿತಸ್ಥನಲ್ಲ."

ಆ ಕಡೆ ಕುರ್ಚಿ ಸರಿದ ಸದ್ದು. ಬಾಗಿಲೊಂದನ್ನು ಯಾರೋ ಮೆಲ್ಲಗೆ ಮುಚ್ಚಿದರು. ಮತ್ತೆ ಮಾತಾಡಿದಾಗ ಅಝೀಝನ ದನಿ ಪಿಸುಮಾತಿಗೆ ಇಳಿದಿತ್ತು.

"ಮೇಡಂ, ಅದರ ಹಿಂಬದಿಯ ಹೆಸರು ಇನ್ನೂ ಹಾಗೇ ಇದೆಯಾ? ಅಳಿಸಿಬಿಟ್ಟರಾ?"

ಉಷಾಲತಾ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಹಿಂಬದಿಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

"ಉತ್ತರ ಕೊಡಿ ಮೇಡಂ."

"...ಇದೆ."

ಒಂದು ದೀರ್ಘ ನಿಟ್ಟುಸಿರು ತಂತಿಯಲ್ಲಿ ಹಾದುಬಂತು.

"ಯಾರೂ ಅದನ್ನು ಮುಟ್ಟಬೇಡಿ. ಆ ಕಪ್ತಾನ ಕಿತ್ತದ್ದು ನಮ್ಮ ಹಿರಿಯರ ಗೋರಿ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಠಾಣೆಗೆ ಮತ್ತೆ ಫೋನ್ ಮಾಡಬೇಡಿ. ನಾನೊಬ್ಬನೇ ಬರುತ್ತಿದ್ದೇನೆ."